ಹೇಳಿ ಹೋಗುವುದು

ದೇವರ ಹಿಪ್ಪರಗಿಯ ಖಾಸಗಿ ಶಾಲೆಯೊಂದರ ಹಳದಿ ವ್ಯಾನನ್ನು ಓಡಿಸುವವನು ಅಮಸಿದ್ದ. ಮುಂಜಾನೆ ಸುತ್ತಲಿನ ಹಳ್ಳಿಗಳಿಂದ, ಊರ ಹೊರಗಿನ ಹೊಸ ಪ್ಲಾಟುಗಳಿಂದ ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದ. ಸಂಜೆ ಮತ್ತೆ ಅವರವರ ಮನೆ ಮುಂದೆ ಇಳಿಸುತ್ತಿದ್ದ. ಕೊನೆಯ ಮಗು ಇಳಿದ ಮೇಲೆ ಖಾಲಿ ವ್ಯಾನನ್ನು ಶಾಲೆಯ ಅಂಗಳದಲ್ಲಿ ಬಿಟ್ಟು, ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಾಡಿಗೆಯ ಒಂದು ಕೋಣೆಗೆ ನಡೆದುಹೋಗುತ್ತಿದ್ದ. ಬೀಗ ತೆಗೆದರೆ ಒಳಗೆ ಮುಂಜಾನೆ ಕುಡಿದಿಟ್ಟ ಚಹಾದ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಎತ್ತಿಡುವವರು ಯಾರೂ ಇರಲಿಲ್ಲ. ಹೆಂಡತಿ ರಾಜಶ್ರೀ ಹಿಂದಿನ ಚಳಿಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಗಳು ಭಾಗ್ಯಾ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ, ರಾಜಶ್ರೀಯ ತಾಯಿ ರೇವವ್ವನ ಹತ್ತಿರ ಇದ್ದಳು.

ಭಾಗ್ಯಾಳನ್ನು ಕಳಿಸಿದ್ದು ಜಗಳವಾಡಿಯೇನಲ್ಲ. ಬೇಸಿಗೆಯಲ್ಲಿ ರೇವವ್ವ ಬಂದು ಹೊಸ್ತಿಲ ಹತ್ತಿರ ಕೂತು ಕೇಳಿದ್ದಳು: "ನೀ ನಸುಕಿಗೇ ಗಾಡಿ ತಗೊಂಡ ಹೋಗ್ತಿ. ಅಕಿ ತಲಿ ಯಾರ ಬಾಚಬೇಕು? ಜ್ವರ ಬಂದ್ರ ಬಾಜು ಯಾರ ಕುಂದರಬೇಕು?"

ಅಮಸಿದ್ದನ ಊರು ದೇವಣಗಾಂವ. ಅಲ್ಲಿ ತಂದೆ ಮಾಳಿಂಗರಾಯನ ಕಣ್ಣು ಮಂಜಾಗಿತ್ತು. ಅಣ್ಣ ಅತ್ತಿಗೆ ವರ್ಷದ ಅರ್ಧ ಕುರಿಯ ಹಿಂದೆ ಊರೂರು ತಿರುಗುವವರು. ಮಗಳು ತನ್ನದೇ ವ್ಯಾನಿನಲ್ಲಿ, ತನ್ನ ಬೆನ್ನ ಹಿಂದೆ ಕೂತು ಶಾಲೆಗೆ ಬರುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜೂನಿನಲ್ಲಿ ತಾನೇ ಕರೆದುಕೊಂಡು ಹೋಗಿ ತಂಗಡಗಿಯ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿಸಿದ.

ಶಾಲೆ ಶುರುವಾಗುವ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಹೊಸ ಮಕ್ಕಳಿಗೆ ಒಂದೊಂದು ಗುಲಾಬಿ ಕೊಡುತ್ತಿದ್ದರು. ಭಾಗ್ಯಾ ಸಾಲಿನಲ್ಲಿ ನಿಂತು, ಮುಂದಿನವಳ ಹೂವನ್ನೇ ನೋಡುತ್ತಿದ್ದಳು. ರೇವವ್ವ ಅವನ ಅಂಗಿ ಜಗ್ಗಿ, "ಈಗ ಹೋಗಿಬಿಡು. ಹೇಳಬ್ಯಾಡ. ಹೇಳಿದ್ರ ಅಳತಾಳ" ಅಂದಳು. ಅಲ್ಲಿದ್ದ ಇನ್ನೊಂದಿಬ್ಬರು ಹೆಂಗಸರೂ ಹೌದೌದೆಂದರು. ಅಮಸಿದ್ದ ಹೊರಟುಬಿಟ್ಟ. ಬಸ್ಸು ಬರುವವರೆಗೂ ಒಂದು ಗೂಡಂಗಡಿಯ ಹಿಂದೆ ನಿಂತಿದ್ದ, ಮಗಳಿಗೆ ಕಾಣಬಾರದೆಂದು.

ಶಾಲೆ ಅನ್ನುವುದು ಅವನಿಗೂ ಎಂದೂ ಒಗ್ಗಿದ ಜಾಗವಾಗಿರಲಿಲ್ಲ. ಸಣ್ಣವನಿದ್ದಾಗ ಕುರಿ ಹೋದಲ್ಲಿ ಅವನ ಶಾಲೆ. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡು ತರುಬಿದರೆ, ಆ ಊರಿನ ಮಾಸ್ತರರು ಕರುಣೆಯಿಂದ ಕೊನೆಯ ಸಾಲಿನಲ್ಲಿ ಕೂಡಿಸುತ್ತಿದ್ದರು. ಬಾಜು ಕೂತ ಹುಡುಗನ ಹೆಸರು ಬಾಯಿಗೆ ರೂಢಿಯಾಗುವ ಹೊತ್ತಿಗೆ ಹಿಂಡು ಏಳುತ್ತಿತ್ತು. ಎಷ್ಟೋ ಊರಿನ ಶಾಲೆಗಳ ಹಿಂಬದಿಯ ಗೋಡೆ ಅವನಿಗೆ ನೆನಪಿತ್ತು. ಗೆಳೆಯ ಅಂತ ಒಬ್ಬನ ಮುಖವೂ ನೆನಪಿರಲಿಲ್ಲ. ನನ್ನ ಮಗಳಿಗೆ ಹಾಗಾಗುವುದಿಲ್ಲ, ಅವಳಿಗೆ ಒಂದೇ ಊರು, ಒಂದೇ ಶಾಲೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮರುದಿನದಿಂದ ಮತ್ತೆ ಸ್ಟೀರಿಂಗ್ ಹಿಡಿದ.

ಆ ವಾರವೇ ಅವನ ವ್ಯಾನಿಗೆ ಒಬ್ಬ ಹೊಸ ಹುಡುಗಿ ಬಂದಳು. ಹೆಸರು ಸುವರ್ಣಾ, ಮೂರನೇ ತರಗತಿ. ತಂದೆ ಧರ್ಮರಾಜ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಇಂಡಿ ಪಟ್ಟಣದಿಂದ ವರ್ಗವಾಗಿ ಬಂದಿದ್ದ. ಮೊದಲ ದಿನ ಅವನು ಮಗಳನ್ನು ಎತ್ತಿ ವ್ಯಾನಿನೊಳಗೆ ಕೂಡಿಸಿದ. ಬಾಗಿಲು ಹಾಕಿದ್ದೇ ತಡ, ಓಡಿಹೋಗಿ ಅಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಹಿಂದೆ ಅಡಗಿಕೊಂಡ. ಅಮಸಿದ್ದನಿಗೆ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಹುಡುಗಿ ತಿರುಗಿ ನೋಡಿದಳು. ರಸ್ತೆಯಲ್ಲಿ ಅಪ್ಪ ಇಲ್ಲ. "ಪಪ್ಪಾ!" ಎಂದು ಕೂಗಿದ ಆ ದನಿಗೆ ಹಿಂದಿನ ಸೀಟಿನ ಹುಡುಗರೂ ಗಪ್ಪಾದರು. ಅಮಸಿದ್ದನ ಕೈಗೆ ಗೇರು ಸಿಗಲಿಲ್ಲ. ತಿರುವಿನಾಚೆ ಗಾಡಿ ನಿಲ್ಲಿಸಿ, ಇಳಿದು, ಮುಖಕ್ಕೆ ನೀರು ಹೊಡೆದುಕೊಂಡು ಮತ್ತೆ ಹತ್ತಿದ.

ಮರುದಿನ ಧರ್ಮರಾಜ ಮತ್ತೆ ಟ್ರ್ಯಾಕ್ಟರಿನ ಕಡೆ ಹೊರಟಾಗ ಅಮಸಿದ್ದ ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದ.

"ಸಾಹೇಬ್ರ, ಅಡಗಬ್ಯಾಡ್ರಿ."

"ಕಂಡ್ರ ಇನ್ನಷ್ಟ ಅಳತಾಳಪ್ಪ."

"ಅಳಲಿ ಬಿಡ್ರಿ. ಅಕಿಗೆ ಕಾಣೂ ಹಂಗ ನಿಂದರ್ರಿ. ಹೋಗ್ತೇನಿ ಅಂತ ಹೇಳಿ ಕೈ ಮಾಡ್ರಿ. ಸಂಜಿಗೆ ಇಲ್ಲೇ ನಿಂತಿರ್ತೇನಿ ಅಂತ ಹೇಳ್ರಿ, ಹೇಳಿದಂಗ ನಿಂದರ್ರಿ."

ಈ ಮಾತು ತಾನೇ ಆಡಿದೆನೇ ಎಂದು ಅಮಸಿದ್ದನಿಗೇ ಅನುಮಾನ. ಧರ್ಮರಾಜ ಬಂದು ಕಿಟಕಿಯ ಸರಳು ಹಿಡಿದು ಮಗಳಿಗೆ ಏನೇನೋ ಹೇಳಿದ. ಅವಳು ಅವತ್ತೂ ಅತ್ತಳು. ಆದರೆ ಗಾಡಿ ತಿರುಗುವವರೆಗೂ ಕೈ ಮಾಡುತ್ತಲೇ ಅತ್ತಳು.

ಅಮಸಿದ್ದನಿಗೆ ಮಕ್ಕಳನ್ನು ಸಮಾಧಾನ ಮಾಡುವ ವಿದ್ಯೆ ಏನೂ ಗೊತ್ತಿರಲಿಲ್ಲ. ಪೆಪ್ಪರಮೆಂಟು ಕೊಟ್ಟ, ಅವಳು ಕಿಟಕಿಯಿಂದ ಎಸೆದಳು. ಅಣಕಿಸುವ ಹುಡುಗರನ್ನು ಗದರಿಸಿದ. ಅವರು ಅವಳಿಗೆ "ಡ್ರೈವರನ ಮಗಳು" ಅಂತ ಹೆಸರಿಟ್ಟರು, ಕೆಲಸ ಇನ್ನೂ ಕೆಟ್ಟಿತು. ಕೊನೆಗೆ ಬೇರೇನೂ ತೋಚದೆ ಅವಳನ್ನು ಮುಂದಿನ ಸೀಟಿನಲ್ಲಿ, ತನ್ನ ಬಾಜು ಕೂಡಿಸಿಕೊಂಡ. ತೊಗರಿ ಹೊಲ, ಜೋಳದ ಹೊಲ ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಒಂದು ದಿನ ಅವಳೇ ಕೇಳಿದಳು:

"ಇಲ್ಲಿ ನಿಂಬಿ ಗಿಡ ಇಲ್ಲೇನ್ರಿ ಅಂಕಲ್?"

"ಅದಾವ, ಅಲ್ಲೊಂದ ಇಲ್ಲೊಂದ. ಇಂಡ್ಯಾಗ ಇದ್ದಂಗಿಲ್ಲ."

"ನಮ್ಮ ಸಾಲಿ ಹಿಂದ ಬರೇ ನಿಂಬಿ ತ್ವಾಟ ಇತ್ತು. ಬಿಸಿಲಿಗೆ ವಾಸನಿ ಬರ್ತಿತ್ತು." ಬಾಟಲಿಯ ಮುಚ್ಚಳ ತಿರುವುತ್ತ ಮತ್ತೆ ಅಂದಳು: "ಇಲ್ಲಿ ನೀರು ಎಲ್ಲಿ ಅಂತ ನನಗ ಗೊತ್ತಿಲ್ಲ."

"ಯಾವ ನೀರು?"

"ಕುಡಿಯೂ ನೀರು. ಬಾಟಲಿ ಖಾಲಿ ಆದ್ರ ಎಲ್ಲಾರೂ ಓಡಿಹೋಗಿ ತುಂಬಕೊಂಡ ಬರ್ತಾರ. ನನ್ನ ಯಾರೂ ಕರಿಯಂಗಿಲ್ಲ. ಬಾತ್‌ರೂಮಿಗೂ ನಾ ಹೋಗಂಗಿಲ್ಲ. ಮನಿಗೆ ಬಂದ ಮ್ಯಾಲೆ ಹೋಗ್ತೇನಿ."

ಅಮಸಿದ್ದ ಗಾಡಿಯ ವೇಗ ಇಳಿಸಿದ. ಶಾಲೆ ಶುರುವಾಗಿ ಆಗಲೇ ಬಹಳ ದಿನವಾಗಿತ್ತು. ಇಷ್ಟು ದಿನ ಈ ಹುಡುಗಿ ಬಿಸಿಲಲ್ಲಿ ನೀರಿಲ್ಲದೆ, ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ಮನೆಯವರಿಗೆ ಗೊತ್ತಿಲ್ಲ, ಟೀಚರಿಗೆ ಗೊತ್ತಿಲ್ಲ. ಅತ್ತಿದ್ದಷ್ಟೇ ಎಲ್ಲರಿಗೂ ಕಂಡಿತ್ತು.

ಅವತ್ತು ಶಾಲೆಯ ಮುಂದೆ ಮಕ್ಕಳು ಇಳಿಯುವಾಗ ಐದನೇ ತರಗತಿಯ ಮುಬಿನಳನ್ನು ತಡೆದ. ಹಿಂದಿನ ಕಿಟಕಿಯ ಸೀಟು ಯಾರಿಗೂ ಬಿಟ್ಟುಕೊಡದ, ಹುಡುಗರನ್ನೂ ಹೆದರಿಸುವ ಹುಡುಗಿ ಅವಳು.

"ಮುಬಿನ, ಈಕಿಗೆ ನಳ ಎಲ್ಲೈತಿ ತೋರಸು. ಬಾತ್‌ರೂಮೂ ತೋರಸು."

"ನಾನ್ಯಾಕ ಅಂಕಲ್? ಅಕಿ ಕ್ಲಾಸಿನವರಿಲ್ಲೇನು?"

"ಅವರ ಮ್ಯಾಲೆ ನನಗ ಭರೋಸಾ ಇಲ್ಲ."

ಆ ಮಾತು ಮುಬಿನಳಿಗೆ ಹಿಡಿಸಿತು. ಮುಖ ಗಂಟಿಕ್ಕಿಕೊಂಡೇ ಸುವರ್ಣಾಳ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಸಂಜೆ ಸುವರ್ಣಾ ವ್ಯಾನು ಹತ್ತಿದಾಗ ಅವಳ ಬಾಟಲಿ ತುಂಬಿತ್ತು, ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು.

ಖಾಲಿ ಕೋಣೆಗೆ ಮರಳಿದ ಅಮಸಿದ್ದ ಕೈಕಾಲು ತೊಳೆಯುವ ಮೊದಲೇ ತಂಗಡಗಿಗೆ ಫೋನು ಹಚ್ಚಿದ.

"ಅತ್ತಿ, ಭಾಗ್ಯಾ ಸಾಲ್ಯಾಗ ನೀರ ಎಲ್ಲಿ ಕುಡಿತಾಳ?"

"ಏನ ಕೇಳ್ತಿಯೋ ನೀ! ನೀರ ಇದ್ದಲ್ಲಿ ಕುಡಿತಾಳ."

"ಕೇಳಿ ಹೇಳು ನನಗ. ಸಾಲ್ಯಾಗ ಹೆಂಗದಾಳ? ಅಳತಾಳೇನು?"

ರೇವವ್ವ ದನಿ ತಗ್ಗಿಸಿ ಹೇಳಿದಳು. "ಚೊಲೋ ಅದಾಳ. ಆದ್ರ ನೀ ಫೋನ್ ಮಾಡಿದ ದಿನ ಉಣ್ಣಂಗಿಲ್ಲ. ಬಾಗಲದಾಗ ಕುಂದರ್ತಾಳ. ಸ್ವಲ್ಪ ದಿವಸ ಮಾಡಬ್ಯಾಡ, ತಮ್ಮಾ. ಅಕಿ ಮರೀಲಿ."

ಮರೆಯಲಿ ಎಂಬ ಆ ಒಂದು ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಬಹಳ ದಿನ ಅವನು ಫೋನು ಮಾಡಲಿಲ್ಲ, ತಂಗಡಗಿಗೂ ಹೋಗಲಿಲ್ಲ. ಸಂಜೆ ಮಕ್ಕಳು ಇಳಿದುಹೋದ ಮೇಲೆ ವ್ಯಾನನ್ನು ಒಳಗಿನಿಂದ ಒರೆಸುತ್ತ ಬೇಕೆಂದೇ ತಡಮಾಡುತ್ತಿದ್ದ. ಸೀಟಿನ ಸಂದಿಯಲ್ಲಿ ಸಿಗುವ ತುಂಡು ಪೆನ್ಸಿಲು, ರಿಬ್ಬನ್ನು, ಅರ್ಧ ಕಡಿದ ಪೇರಲ ಹಣ್ಣು ಎತ್ತಿಡುತ್ತ, ತಂಗಡಗಿಯಲ್ಲಿ ಈಗ ಶಾಲೆ ಬಿಟ್ಟಿರುತ್ತದೆ, ಅವಳು ಯಾರ ಜೊತೆ ನಡೆದು ಬರುತ್ತಾಳೋ ಎಂದು ಯೋಚಿಸುತ್ತಿದ್ದ. ಖಾನಾವಳಿಯವನು, "ಯಾಕ ಅಮಸಿದ್ದಪ್ಪ, ಮಾತ ಬಿಟ್ಟೀಯಲ್ಲ?" ಎಂದು ಕೇಳಿದರೆ ನಕ್ಕು ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದ.

ದಸರೆಯ ರಜೆ ಕಳೆದು ಶಾಲೆ ತೆರೆದ ಮೇಲೆ ಒಂದು ಸೋಮವಾರ ಅವನ ಶಾಲೆಗೆ ಮಾತ್ರ ರಜೆ ಸಿಕ್ಕಿತು. ಅಷ್ಟರಲ್ಲಿ ಅವನು ಒಂದು ನಿರ್ಧಾರಕ್ಕೆ ಬಂದಿದ್ದ. ಮಗಳನ್ನು ಕರೆತರುವುದು. ಶಾಲೆಯವರು ನಡುವರ್ಷದಲ್ಲೂ ಸೇರಿಸಿಕೊಳ್ಳಲು ಒಪ್ಪಿದ್ದರು. ತಲೆ ಬಾಚುವುದನ್ನು ಕಲಿತರಾಯಿತು. ಭಾನುವಾರ ಬಸ್ಸು ಹತ್ತಿ, ಬಸವನ ಬಾಗೇವಾಡಿಯಲ್ಲಿ ಇಳಿದು, ಮುದ್ದೇಬಿಹಾಳದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ತಂಗಡಗಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಆಡುತ್ತಿದ್ದ ಭಾಗ್ಯಾ ಅವನನ್ನು ಕಂಡವಳೇ ಓಡಿ ಬರಲಿಲ್ಲ. ಅಜ್ಜಿಯ ಸೀರೆಯ ಹಿಂದೆ ಹೋಗಿ ನಿಂತು ಒಂದು ಕಣ್ಣಿನಲ್ಲಿ ನೋಡಿದಳು.

"ಅತ್ತಿ, ಅಕಿನ್ನ ಕರಕೊಂಡ ಹೋಗಬೇಕಂತ ಬಂದೇನಿ" ಎಂದ ಅಮಸಿದ್ದ, ಚಹಾ ಕುಡಿಯುತ್ತ.

ರೇವವ್ವ ಬೈಯುತ್ತಾಳೆ ಎಂದು ಅವನು ತಯಾರಾಗಿ ಬಂದಿದ್ದ. ಅವಳು ಬೈಯಲಿಲ್ಲ. "ನಿನ್ನ ಮಗಳು. ಒಯ್ಯಿ" ಅಂದಳು. ಒಳಗೆ ಹೋಗಿ ಮೊಮ್ಮಗಳ ಅಂಗಿಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು. ಅವಳಿಗಿದ್ದದ್ದು ರಾಜಶ್ರೀ ಒಬ್ಬಳೇ ಮಗಳು.

ಮರುದಿನ ಅಮಸಿದ್ದ ಶಾಲೆಗೆ ಹೋದ. ಭಾಗ್ಯಾ ಮುಂದೆ ಮುಂದೆ, ಅವನು ಹಿಂದೆ. ಒಂದನೇ ತರಗತಿಯ ಟೀಚರು ಶಮ್ಶುನ್ನೀಸಾ, ನಡುವಯಸ್ಸಿನ ಗಟ್ಟಿ ದನಿಯ ಹೆಂಗಸು. ಟಿಸಿ ಬೇಕಾಗಿತ್ತು ಎಂದು ಅವನು ಹೇಳಿದಾಗ ಕೈಯಲ್ಲಿದ್ದ ಹಾಜರಿ ಪುಸ್ತಕ ಮುಚ್ಚಿ, ಅವನನ್ನು ಪಡಸಾಲೆಯ ಆಚೆ ಕರೆದುಕೊಂಡು ಹೋದರು.

"ನೀವ ಅಕಿ ತಂದಿಯೇನ್ರಿ? ಮೊದಲನೇ ತಿಂಗಳ ನಿಮ್ಮ ಮಗಳ ಒಂದ ದಿನಾನೂ ಒಳಗ ಕುಂದರಲಿಲ್ಲ, ಗೊತ್ತೈತೇನು? ಇದಽ ಕಂಬದ ಬುಡಕ, ರಸ್ತೆ ಕಡೆ ಮುಖ ಮಾಡಿ. ಬಸ್ಸಿನ ಸಪ್ಪಳ ಕೇಳಿದ್ರ ಸಾಕು, ಎದ್ದ ನಿಲ್ಲತಿದ್ಲು. ಅಳತಿದ್ದಿಲ್ಲ. ಅತ್ತಿದ್ರ ಚೊಲೋ ಇತ್ತು."

"ಅತ್ತಿ ನನಗ ಹೇಳಲಿಲ್ಲರಿ."

"ಒಳಗ ಬಾ ಅಂತ ಎಷ್ಟ ಕರದ್ರೂ ಬರಲಿಲ್ಲ. ಯಾಕವ್ವಾ ಅಂತ ಒಂದಿನ ಬಾಜು ಕುಂತ ಕೇಳಿದೆ. 'ಅಪ್ಪಾ ಹೇಳದ ಹೋಗ್ಯಾನ್ರಿ. ಬರೂದೂ ಹೇಳದ ಬರ್ತಾನ. ನಾ ಒಳಗಿದ್ರ ಅವಗ ಕಾಣಂಗಿಲ್ಲ' ಅಂದ್ಲು."

ಅಮಸಿದ್ದ ಕಂಬಕ್ಕೆ ಒರಗಿಕೊಂಡ. ಗೂಡಂಗಡಿಯ ಹಿಂದೆ ತಾನು ಅಡಗಿ ನಿಂತಿದ್ದಾಗ, ಇಲ್ಲಿ ಈ ಕಂಬದ ಬುಡದಲ್ಲಿ ಅವಳ ಕಾಯುವಿಕೆ ಶುರುವಾಗಿತ್ತು. ಹೇಳಿದ್ದರೆ ಒಂದು ದಿನ ಅಳುತ್ತಿದ್ದಳು. ಹೇಳದೆ ಹೋದದ್ದಕ್ಕೆ ಒಂದು ತಿಂಗಳು ದಾರಿ ನೋಡಿದ್ದಳು.

"ಈಗ ಹೆಂಗದಾಳ್ರಿ?" ಎಂದು ಕೇಳಿದ.

"ಬಾಗಲದ ಹತ್ರ ಕೂಡಿಸಿದೆ. ಆಮ್ಯಾಲೆ ಸ್ವಲ್ಪ ಒಳಗ. ಆಮ್ಯಾಲೆ ಗೌಸಬಿ ಅಂತ ಒಂದ ಹುಡುಗಿ ಐತಿ, ಅದೂ ಹೊಸಾದು, ಅದನ್ನ ಬಾಜು ಕೂಡಿಸಿದೆ. ಈಗ ಇಬ್ಬರನ್ನೂ ಬ್ಯಾರೆ ಮಾಡಾಕ ಆಗಂಗಿಲ್ಲ." ಟೀಚರು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೇಳಿದರು. "ಟಿಸಿ ಕೊಡಸ್ತೇನ್ರಿ. ಅದು ನಿಮ್ಮ ಹಕ್ಕು. ಆದ್ರ ಒಮ್ಮೆ ಅಕಿನ್ನ ಕೇಳ್ರಿ."

ಭಾಗ್ಯಾಳನ್ನು ಹೊರಗೆ ಕಳಿಸಿದರು. ಅಮಸಿದ್ದ ಮೆಟ್ಟಿಲ ಮೇಲೆ ಕೂತು ಅವಳನ್ನು ಎದುರಿಗೆ ನಿಲ್ಲಿಸಿಕೊಂಡ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದಳು ರೇವವ್ವ.

"ನನ್ನ ಜೋಡಿ ಹಿಪ್ಪರಗಿಗೆ ಬರ್ತಿ? ನನ್ನ ಗಾಡ್ಯಾಗ ಸಾಲಿಗೆ ಹೋಗೂಣು."

ಅವಳ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಅಲ್ಲಿ ಸಾಲ್ಯಾಗ ನನ್ನ ಬಾಜು ಯಾರ ಕುಂದರ್ತಾರ?"

ಅಮಸಿದ್ದನಿಗೆ ಹಿಪ್ಪರಗಿಯ ಶಾಲೆ ಕಣ್ಣ ಮುಂದೆ ಬಂತು. ಅಲ್ಲಿಯ ಒಂದನೇ ತರಗತಿಯ ಮಕ್ಕಳು ಆಗಲೇ ಜೋಡಿ ಜೋಡಿಯಾಗಿ ಕೂತುಬಿಟ್ಟಿದ್ದರು. ನಡುವರ್ಷದಲ್ಲಿ ಹೋದ ಇವಳಿಗೆ ಕೊನೆಯ ಸಾಲು. ಬಾಟಲಿ ಖಾಲಿಯಾದರೆ ಯಾರೂ ಕರೆಯುವುದಿಲ್ಲ. ಇವಳು ಮತ್ತೆ ಒಂದು ತಿಂಗಳು ಕಂಬ ಹುಡುಕುತ್ತಾಳೆ, ಈ ಸಲ ತಂಗಡಗಿಯ ಕಡೆ ಮುಖ ಮಾಡಿ. ಅವನಿಗೆ ಅವಳು ಬೇಕಾಗಿದ್ದಳು. ಆ ಖಾಲಿ ಕೋಣೆಗೆ ಬೇಕಾಗಿದ್ದಳು. ಅವಳಿಗೆ ಬೇಕಾದದ್ದು ಬೇರೆ ಇತ್ತು.

"ಯಾರೂ ಇಲ್ಲ ಭಾಗ್ಯಾ" ಎಂದ. "ನನಗ ಗೊತ್ತಿಲ್ಲ ಯಾರ ಕುಂದರ್ತಾರಂತ."

"ಗೌಸಬಿನ್ನೂ ಕರಕೊಂಡ ಹೋಗೂಣೇನು?"

"ಅವರಪ್ಪ ಕಳಸಂಗಿಲ್ಲ." ಅವನು ನಗಲು ನೋಡಿದ. "ನೀ ಇಲ್ಲೇ ಇರು. ನಾ ಈಗ ಹೋಗ್ತೇನಿ. ಕೇಳಾಕತ್ತೀಯೇನು? ಇವತ್ತ ಸಂಜಿಗೆ ಬರಂಗಿಲ್ಲ. ನಾಳಿಗೂ ಬರಂಗಿಲ್ಲ. ಬರೂ ಐತವಾರ ಬಿಟ್ಟ ಮುಂದಿನ ಐತವಾರ ಬರ್ತೇನಿ. ಅಲ್ಲೀತನಕ ರಸ್ತಾ ನೋಡಬ್ಯಾಡ. ಬರೂಕಿಂತ ಮೊದಲ ಅಜ್ಜಿಗೆ ಫೋನ್ ಮಾಡ್ತೇನಿ. ಹೇಳದ ಎಂದೂ ಹೋಗಂಗಿಲ್ಲ, ಹೇಳದ ಎಂದೂ ಬರಂಗಿಲ್ಲ."

ಭಾಗ್ಯಾ ಎರಡೂ ಮುಷ್ಟಿ ಕಟ್ಟಿ ಅವನ ಎದೆಗೆ ಹೊಡೆದಳು. ಹೊಡೆಯುತ್ತಲೇ ಅಳು ಒಡೆಯಿತು. ಜೂನಿನಿಂದ ಒಳಗೆ ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಬಂದ ಹಾಗಿತ್ತು. ಪಕ್ಕದ ತರಗತಿಯ ಮಕ್ಕಳು ಕಿಟಕಿಯಲ್ಲಿ ತಲೆ ಹಾಕಿ ನೋಡಿದರು. ಅಮಸಿದ್ದ ಅವಳ ಕೈ ಹಿಡಿಯಲಿಲ್ಲ, ಹೊಡೆಸಿಕೊಂಡ. ಅಳು ಬಿಕ್ಕಳಿಕೆಯಾದ ಮೇಲೆ ತನ್ನ ಟವೆಲ್ಲಿನಿಂದ ಮೂಗು ಒರೆಸಿದ. ಬಾಗಿಲಲ್ಲಿ ಒಂದು ಗುಂಡು ಮುಖದ ಹುಡುಗಿ ಬಂದು ನಿಂತಿತ್ತು. ಭಾಗ್ಯಾ ಅದರ ಕಡೆ ನೋಡಿ, ಅಪ್ಪನ ಕಡೆ ನೋಡಿ, ಒಳಗೆ ನಡೆದಳು. ಅವನು ಗೇಟಿನ ಹೊರಗೆ ಎಲ್ಲರಿಗೂ ಕಾಣುವಂತೆ ನಿಂತು ಕೈ ಮಾಡಿದ. ಅವಳು ಕೈ ಮಾಡಲಿಲ್ಲ.

ರೇವವ್ವ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. "ಇಲ್ಲೇ ಇರಲಿ ಅತ್ತಿ" ಎಂದಷ್ಟೇ ಹೇಳಿದ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು, "ಒಂದೆರಡು ರೊಟ್ಟಿ ತಿಂದ ಹೋಗು" ಅಂದಳು. ಇಬ್ಬರೂ ಎದುರು ಬದುರು ಕೂತು ಉಂಡರು. ರಾಜಶ್ರೀ ಹೋದ ಮೇಲೆ ಅವರಿಬ್ಬರೇ ಕೂತು ಉಂಡದ್ದು ಅದೇ ಮೊದಲು.

ಅವನು ಹೇಳಿದ ಭಾನುವಾರ ಹೋದ. ಆಮೇಲೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹೋಗುತ್ತಲೇ ಇದ್ದ. ಮೊದಮೊದಲು ಭಾಗ್ಯಾ ಅವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ, ಹೊರಡುವಾಗ ಚೀರಾಡುತ್ತಿದ್ದಳು. ಬರುಬರುತ್ತ ಅಳು ಸಣ್ಣದಾಯಿತು. ಆಮೇಲೆ ನಿಂತಿತು.

ಹಿಪ್ಪರಗಿಯಲ್ಲಿ ಸುವರ್ಣಾ ಒಂದು ದಿನ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಮುಬಿನಳ ಬಾಜು ಕೂತಳು. ಅವನನ್ನು ಕೇಳಲೂ ಇಲ್ಲ. ಮುಬಿನ ಯಾರಿಗೂ ಬಿಡದ ಕಿಟಕಿಯನ್ನು ಅವಳಿಗೆ ಬಿಟ್ಟಿದ್ದಳು. ಇಬ್ಬರ ನಗು ಮುಂದಿನವರೆಗೂ ಕೇಳುತ್ತಿತ್ತು. ಸಂಜೆ ಬಾಗಿಲಲ್ಲಿ ನಿಂತ ಸುವರ್ಣಾಳ ತಾಯಿ, "ಈಗ ರಜಾ ಇದ್ರೂ ಸಾಲಿಗೆ ಹೋಗ್ತೇನಿ ಅಂತಾಳ್ರಿ" ಎಂದು ಖುಷಿಯಿಂದ ಹೇಳಿದಾಗ ಅಮಸಿದ್ದನಿಗೆ ನಿಜವಾಗಿಯೂ ಸಂತೋಷವಾಯಿತು. ಆದರೂ ಆ ದಿನಗಳಲ್ಲಿ ಅವನ ಎಡಗಡೆಯ ಸೀಟು ಖಾಲಿಯಾಗಿ ಕುಲುಕುವುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು.

ಈಗ ಭಾಗ್ಯಾ ಎರಡನೇ ತರಗತಿ. ಮೊನ್ನೆ ಅವನು ಹೋದಾಗ ಅವಳು ಮನೆಯಲ್ಲಿ ಇರಲಿಲ್ಲ. ಗೆಳತಿಯರ ಜೊತೆ ಹೊಳೆಯ ಕಡೆ ಗುಡಿಗೆ ಹೋಗಿದ್ದಳು. ಅಮಸಿದ್ದ ಕಟ್ಟೆಯ ಮೇಲೆ ಕೂತು ಕಾದ. ಅವಳು ಓಡುತ್ತ ಬಂದು, ಅವನು ತಂದ ಬಾಳೆಹಣ್ಣು ತಿಂದು, "ನಮ್ಮೂರಾಗ ಈ ಸಲ ಹೊಳಿ ತುಂಬ ಬಂದೈತಿ, ನೋಡಿದ್ಯೇನು?" ಎಂದು ಕೇಳಿದಳು. ತಂಗಡಗಿ ಅವಳಿಗೆ ನಮ್ಮೂರಾಗಿತ್ತು. "ನೋಡೇನಿ" ಎಂದ. "ಹಂಗಾದ್ರ ನಾ ಆಡಾಕ ಹೋಗ್ಲಿ?" ಎಂದಳು.

"ಹೋಗು. ನಾ ನಾಕರ ಬಸ್ಸಿಗೆ ಹೋಗ್ತೇನಿ."

"ಹೂಂ, ಹೇಳಿದ್ಯಲ್ಲ" ಎಂದು ಕೂಗುತ್ತಲೇ ಅವಳು ಓಣಿ ತಿರುಗಿದಳು.

ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಹಿಪ್ಪರಗಿಯ ಬಸ್ಸು ತಡವಾಗಿತ್ತು. ಬಾಜು ಕೂತ ಮುದುಕನೊಬ್ಬ ಎಲೆಗೆ ಸುಣ್ಣ ಹಚ್ಚುತ್ತ, "ಎಲ್ಲಿಗೆ ಹೋಗಿದ್ದೆಪಾ?" ಎಂದು ಕೇಳಿದ.

"ಮಗಳ ಕಡೆ ಹೋಗಿದ್ದೆ. ತಂಗಡಗ್ಯಾಗ ಸಾಲಿ ಕಲೀತಾಳ."

"ಆರಾಮ ಅದಾಳಿಲ್ಲೋ?"

"ಆರಾಮ ಅದಾಳ್ರಿ. ಆಟದ ಗಡಿಬಿಡ್ಯಾಗ ಇದ್ಲು."

ಬಸ್ಸು ಬಂತು. ಅಮಸಿದ್ದನಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ನಾಳೆ ಸೋಮವಾರ, ಖಾಕಿ ಅಂಗಿ ಒಗೆದು ಹಾಕಬೇಕು, ರಾತ್ರಿಗೆ ರೊಟ್ಟಿ ಕಟ್ಟಿಸಿಕೊಳ್ಳಬೇಕು. ಅವನು ಟವೆಲ್ಲು ಮಡಚಿ ತಲೆಗೆ ಕೊಟ್ಟುಕೊಂಡು ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ.